ಏನಿಲ್ಲ, ಗಾಬರಿ ಆಗ್ಬೇಡ

ಸಾಗರದ ಹತ್ತಿರದ ನಮ್ಮೂರಿಂದ ಅಮ್ಮ ಫೋನ್ ಮಾಡಿದರೆ ಮೊದಲ ಮಾತು ಯಾವಾಗಲೂ ಒಂದೇ: "ಏನಿಲ್ಲ, ಗಾಬರಿ ಆಗ್ಬೇಡ." ಆಮೇಲೆ ಸುದ್ದಿ. ಕೊಟ್ಟಿಗೆಯಲ್ಲಿ ಗೌರಿ ಕರು ಹಾಕಿರುತ್ತದೆ, ಅಪ್ಪೆಮಿಡಿ ಉಪ್ಪಿಗೆ ಹಾಕಿ ಆಗಿರುತ್ತದೆ, ಮಂಗಗಳು ಬಾಳೆಗೊನೆ ಹಾಳು ಮಾಡಿರುತ್ತವೆ. ಒಂದೇ ಒಂದು ಸಲ ಆ ಮೊದಲ ಮಾತು ಬೇರೆಯಾಗಿತ್ತು. "ಎಲ್ಲಿದೀಯೆ? ಆಫೀಸಲ್ಲಾ? ಸ್ವಲ್ಪ ಹೊರಗೆ ಬಾ." ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಮ್ಮ ಅದನ್ನು ಹೇಳುವ ಹೊತ್ತಿಗೆ ನಾನು ಮೆಟ್ಟಿಲು ಇಳಿದು, ಚೀಲ ಹೆಗಲಿಗೆ ಹಾಕಿಕೊಂಡು, ರಾತ್ರಿ ಬಸ್ಸಿನ ಯೋಚನೆಯಲ್ಲಿದ್ದೆ. ಸುದ್ದಿ ಕಿವಿಗೆ ಬೀಳುವ ಮುಂಚೆಯೇ ಅದರ ತೂಕ ನನಗೆ ತಲುಪಿತ್ತು.

ಹೀಗೆ ಸುದ್ದಿಗೆ ಮೊದಲೇ ಅದರ ತೂಕ ತಿಳಿಸುವುದು ಕಾಗದಗಳ ಕಾಲದ ಅಭ್ಯಾಸ. ಅಜ್ಜನ ಮನೆಗೆ ಬರುತ್ತಿದ್ದ ಕಾರ್ಡುಗಳು "ಉಭಯಕುಶಲೋಪರಿ ಸಾಂಪ್ರತ" ಎಂದು ಶುರುವಾಗುತ್ತಿದ್ದವು. ಆ ಎರಡು ಪದ ಕಂಡೊಡನೆ ಅಜ್ಜ ಕನ್ನಡಕ ಸರಿಮಾಡಿಕೊಂಡು, ಅಡಿಕೆ ಕತ್ತರಿಸುತ್ತ, ಉಳಿದದ್ದನ್ನು ನಿಧಾನಕ್ಕೆ ಓದುತ್ತಿದ್ದರು. ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ ಲಕೋಟೆ ನೇರ ದೇವರ ಮುಂದೆ ಹೋಗುತ್ತಿತ್ತು. ಸಾವಿನ ಸುದ್ದಿಯ ಕಾಗದವನ್ನು ಹೊರಗೇ ಓದಿ ಹರಿದು ಹಾಕುತ್ತಿದ್ದರು, ಅದಕ್ಕೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಇನ್ನು ಟೆಲಿಗ್ರಾಂ ಬಂದರೆ ಒಡೆದು ನೋಡುವ ಮೊದಲೇ ಅಜ್ಜಿಯ ಕಣ್ಣಲ್ಲಿ ನೀರು. ಮಾವನಿಗೆ ಕೆಲಸ ಸಿಕ್ಕಿದ ಸುದ್ದಿ ಟೆಲಿಗ್ರಾಂನಲ್ಲಿ ಬಂದ ದಿನ ಅಜ್ಜಿ ಪೂರ್ತಿ ಐದು ನಿಮಿಷ ಅತ್ತಿದ್ದರು ಎಂದು ಅಮ್ಮ ಈಗಲೂ ನೆನೆಸಿಕೊಳ್ಳುತ್ತಾರೆ. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆ ನಿಂತಾಗ ಅಜ್ಜಿ ಇರಲಿಲ್ಲ. ಇದ್ದಿದ್ದರೆ ನೆಮ್ಮದಿಯ ಉಸಿರು ಬಿಡುತ್ತಿದ್ದರೇನೋ.

ನನ್ನ ಕೆಲಸ ಪ್ರೋಗ್ರಾಂ ಬರೆಯುವುದು. 22 ವರ್ಷಗಳಿಂದ ಅದೇ ಅನ್ನ. ನಾವು ಬರೆದ ಪ್ರೋಗ್ರಾಮುಗಳು ಹಗಲು ರಾತ್ರಿ ಓಡುವಾಗ ತಮಗೆ ಏನೇನಾಯಿತು ಎಂದು ಸಾಲು ಸಾಲಾಗಿ ಬರೆದಿಡುತ್ತ ಹೋಗುತ್ತವೆ. ಅದಕ್ಕೆ ಲಾಗ್ ಎನ್ನುತ್ತೇವೆ. ಹಡಗಿನವರ ಮಾತು ಅದು. ಗಂಟು ಹಾಕಿದ ಹಗ್ಗದ ತುದಿಗೆ ಮರದ ತುಂಡು ಕಟ್ಟಿ ಸಮುದ್ರಕ್ಕೆ ಬಿಟ್ಟು, ಎಷ್ಟು ಗಂಟು ಕೈಯಿಂದ ಜಾರಿತು ಎಂದು ಎಣಿಸಿ, ವೇಗವನ್ನು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ಆ ಮರದ ತುಂಡಿನ ಹೆಸರೇ ಪುಸ್ತಕಕ್ಕೂ ಅಂಟಿತು. ನಮ್ಮ ಕಡೆಯ ಅಡಿಕೆ ಮಂಡಿಯವರಿಗೆ ಕೀರ್ದಿ ಪುಸ್ತಕ ಎಂದರೆ ಬೇಗ ಅರ್ಥವಾಗುತ್ತದೆ: ನಡೆದದ್ದು ನಡೆದ ಹೊತ್ತಿಗೇ, ನಡೆದ ಕ್ರಮದಲ್ಲೇ.

ಆದರೆ ಲಾಗಿನ ಪ್ರತಿ ಸಾಲಿಗೂ ಕೀರ್ದಿಯಲ್ಲಿ ಇಲ್ಲದ ಒಂದು ಗುರುತು ಇರುತ್ತದೆ. ಈ ಸಾಲು ಎಷ್ಟು ಗಂಭೀರ ಎಂದು ಹೇಳುವ ಒಂದು ಪದ, ಅಥವಾ ಒಂದು ಅಂಕಿ. ಡೀಬಗ್, ಇನ್ಫೋ, ವಾರ್ನಿಂಗ್, ಎರರ್, ಕ್ರಿಟಿಕಲ್. ಹೊಸದಾಗಿ ಕೆಲಸಕ್ಕೆ ಸೇರಿದವರು ಇಡೀ ಪ್ರೋಗ್ರಾಮಿನಲ್ಲಿ ಅತಿ ಕಡಿಮೆ ಯೋಚಿಸಿ ಬರೆಯುವ ಪದ ಇದೇ. ನಾನೂ ಎಷ್ಟೋ ವರ್ಷ ಹಾಗೇ ಬರೆದೆ.

ಈ ಹಂತಗಳ ಹಿಂದೆ ಒಂದು ಚರಿತ್ರೆ ಇದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಎಂಬ ಮಿಂಚಂಚೆಯ ಪ್ರೋಗ್ರಾಂ ಬರೆಯುತ್ತಿದ್ದಾಗ, ಅದರ ಜೊತೆಗೆ ಸಿಸ್‌ಲಾಗ್ ಎಂಬ ಏರ್ಪಾಡೂ ಹುಟ್ಟಿತು. ಅಂಚೆಗೆಂದು ಮಾಡಿದ್ದು ಎಲ್ಲರಿಗೂ ಬೇಕಾಯಿತು, ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಲೋಕದ ತುಂಬ ಹರಡಿತು. ಅದರ ರೀತಿನೀತಿಗಳನ್ನು ಬರೆದಿಟ್ಟ ದಾಖಲೆ ಬಂದದ್ದು 2001ರಲ್ಲಿ, ಅದನ್ನು ತಿದ್ದಿ ಮಾನದಂಡ ಮಾಡಿದ್ದು 2009ರಲ್ಲಿ. ಸೊನ್ನೆಯಿಂದ ಏಳರವರೆಗೆ ಎಂಟು ಹಂತ. ಸೊನ್ನೆ ಎಂದರೆ ಎಮರ್ಜೆನ್ಸಿ, ಯಂತ್ರವೇ ಕೈಕೊಟ್ಟಿದೆ. ಏಳು ಎಂದರೆ ಡೀಬಗ್, ತಪ್ಪು ಹುಡುಕುವವರಿಗಷ್ಟೇ ಬೇಕಾದ ಮಾತು. ನಡುವೆ ಅಲರ್ಟ್, ಕ್ರಿಟಿಕಲ್, ಎರರ್, ವಾರ್ನಿಂಗ್, ನೋಟಿಸ್, ಇನ್ಫೋ.

ನನಗೆ ಅದರಲ್ಲಿ ಬಹಳ ಹಿಡಿಸಿದ ಸಂಗತಿ ಅಂಕಿ ಕೂರುವ ಜಾಗ. ಸಂದೇಶದ ತಲೆಯಲ್ಲೇ, ದಿನಾಂಕಕ್ಕಿಂತಲೂ ಮುಂಚೆ, ಕೋನಾಕಾರದ ಆವರಣದೊಳಗೆ ಒಂದು ಸಂಖ್ಯೆ. ಸುದ್ದಿ ಯಾವ ವಿಭಾಗದಿಂದ ಬಂತು ಎಂಬುದರ ಅಂಕಿಯನ್ನು ಎಂಟರಿಂದ ಗುಣಿಸಿ, ಗಂಭೀರತೆಯ ಅಂಕಿಯನ್ನು ಕೂಡಿಸಬೇಕು. 34 ಎಂದಿದ್ದರೆ ನಾಲ್ಕೆಂಟ್ಲ ಮೂವತ್ತೆರಡು, ಮೇಲೆ ಎರಡು: ಲಾಗಿನ್ ಮತ್ತು ಭದ್ರತೆಯ ವಿಭಾಗದಿಂದ ಬಂದ ಕ್ರಿಟಿಕಲ್ ಸುದ್ದಿ. ಪಡೆದುಕೊಂಡ ಯಂತ್ರ ಒಳಗಿನ ಒಂದಕ್ಷರ ಓದುವ ಮೊದಲೇ ಇದನ್ನು ಯಾವ ಕಡತಕ್ಕೆ ಹಾಕಬೇಕು, ಯಾರನ್ನು ಎಬ್ಬಿಸಬೇಕು ಎಂದು ತೀರ್ಮಾನ ಮಾಡಬಲ್ಲದು. ಹಳೆಯ ಯುನಿಕ್ಸ್ ಯಂತ್ರಗಳಲ್ಲಿ ಸೊನ್ನೆಯ ಸುದ್ದಿ ಬಂದರೆ ಆ ಹೊತ್ತಿಗೆ ಕೆಲಸ ಮಾಡುತ್ತಿರುವ ಎಲ್ಲರ ಪರದೆಯ ಮೇಲೂ ಅದು ಮೂಡುತ್ತಿತ್ತು. ಊರಿನಲ್ಲಿ ಡಂಗುರ ಸಾರಿದ ಹಾಗೆ. ಸಿಸ್‌ಲಾಗ್ ಬಗ್ಗೆ ಮೊದಲ ಸಲ ಓದಿದಾಗ ನನ್ನ ಮನಸ್ಸಿಗೆ ಬಂದದ್ದು ಅರಿಶಿನ ಹಚ್ಚಿದ ಲಕೋಟೆ.

ಪೈಥಾನಿನವರು 2003ರಲ್ಲಿ ತಮ್ಮ ಪ್ರೋಗ್ರಾಮಿಂಗ್ ಭಾಷೆಗೆ ಲಾಗಿಂಗ್ ಸೇರಿಸಿದಾಗ ಲೆಕ್ಕವನ್ನು ತಿರುವಿ ಹಾಕಿದರು. ಡೀಬಗ್‌ಗೆ 10, ಇನ್ಫೋಗೆ 20, ಹೀಗೆ ಏರುತ್ತ ಹೋಗಿ ಕ್ರಿಟಿಕಲ್‌ಗೆ 50. ನಾವು ಬೇರೇನೂ ಹೇಳದಿದ್ದರೆ ಅದು ವಾರ್ನಿಂಗ್ ಮತ್ತು ಅದಕ್ಕೆ ಮೇಲಿನದನ್ನು ಮಾತ್ರ ತೋರಿಸುತ್ತದೆ. ಅಂದರೆ ಕುಶಲವಾರ್ತೆಯನ್ನು ಕೇಳಿದರೆ ಮಾತ್ರ ಹೇಳುತ್ತದೆ, ಕಷ್ಟವನ್ನು ಕೇಳದೆಯೂ ಹೇಳುತ್ತದೆ. ಹಂತಗಳು ಐದಿರಲಿ, ಎಂಟಿರಲಿ, ನನಗೆ ಅದರ ಬಗ್ಗೆ ಹಟವಿಲ್ಲ. ಬರೆಯುವವರು ಯಾವ ಪ್ರಶ್ನೆ ಕೇಳಿಕೊಂಡು ಹಂತ ಆರಿಸುತ್ತಾರೆ ಎಂಬುದರ ಬಗ್ಗೆ ಇದೆ. ಆ ಹಟ ಬಂದದ್ದು ಒಂದು ಗುರುವಾರದ ರಾತ್ರಿಯಿಂದ.

ನಮ್ಮ ಕಂಪನಿ ಸಣ್ಣ ಅಂಗಡಿಗಳ ದಿನದ ವ್ಯಾಪಾರದ ಹಣವನ್ನು ರಾತ್ರಿ ಒಟ್ಟು ಮಾಡಿ ಅವರವರ ಬ್ಯಾಂಕ್ ಖಾತೆಗೆ ತಲುಪಿಸುತ್ತದೆ. ಬ್ಯಾಂಕಿನ ಸರ್ವರ್ ಎಷ್ಟೋ ಸಲ ಮೊದಲ ಕರೆಗೆ ಓಗೊಡುವುದಿಲ್ಲ. ಎರಡು ಸೆಕೆಂಡ್ ಬಿಟ್ಟು ಮತ್ತೆ ಕೇಳಿದರೆ ಕೊಡುತ್ತದೆ. ಇದು ದಿನನಿತ್ಯದ ಪಾಡು. ಆದರೆ ಆ ಮೊದಲ ಸೋಲನ್ನು ನಮ್ಮ ಪ್ರೋಗ್ರಾಂ ಪ್ರತಿ ಸಲ ಎರರ್ ಎಂದು ಬರೆಯುತ್ತಿತ್ತು. ಬರೆದವಳು ನಾನೇ. ಬರೆಯುವಾಗ ನನ್ನ ಮಟ್ಟಿಗೆ ಅದು ನಿಜವಾಗಿತ್ತು, ಕರೆ ಸೋತಿತ್ತಲ್ಲ. ದಿನಕ್ಕೆ ಸಾವಿರಾರು ಎರರ್. ರಾತ್ರಿ ಪಾಳಿಯವರು ಮೊದಲ ವಾರ ಗಾಬರಿಯಾದರು, ಎರಡನೆಯ ವಾರ ಬೇಸರಪಟ್ಟರು, ಮೂರನೆಯ ವಾರ ಎರರ್ ಬಂದರೆ ಫೋನು ಬಡಿದುಕೊಳ್ಳುವ ಏರ್ಪಾಡನ್ನೇ ನಿಲ್ಲಿಸಿದರು. ಅವರನ್ನು ದೂರಲಾರೆ. ಮನುಷ್ಯರ ಕಿವಿ ಇರುವುದೇ ಹಾಗೆ, ಜೋಗದ ಹತ್ತಿರ ಮನೆಯಿರುವವರಿಗೆ ಜಲಪಾತದ ಸದ್ದು ಕೇಳಿಸುವುದಿಲ್ಲ.

ಆ ಗುರುವಾರ ರಾತ್ರಿ ಆ ಸಾವಿರಾರು ಸಾಲುಗಳ ನಡುವೆ ಬೇರೆಯದೊಂದು ಸಾಲು ಬಂತು. ಲೆಕ್ಕದ ಪಟ್ಟಿಯನ್ನು ಡಿಸ್ಕಿಗೆ ಬರೆಯಲಾಗಲಿಲ್ಲ, ಸದ್ಯಕ್ಕೆ ಮೆಮೊರಿಯಲ್ಲಿ ಇಟ್ಟುಕೊಂಡಿದ್ದೇನೆ ಎಂದು. ಅದಕ್ಕೂ ಅದೇ ಪದ, ಎರರ್. ಅದೇ ಬಣ್ಣ, ಅದೇ ಅಗಲ. ಬೆಳಗಿನ ಜಾವ ಯಾರೋ ಮಾಮೂಲಿನಂತೆ ಸರ್ವರ್ ರೀಸ್ಟಾರ್ಟ್ ಮಾಡಿದರು. ಮೆಮೊರಿಯಲ್ಲಿದ್ದ ಪಟ್ಟಿ ಹೋಯಿತು.

ಬೆಳಗ್ಗೆ ಏಳಕ್ಕೆ ಸಹಾಯವಾಣಿಗೆ ಬಂದ ಮೊದಲ ಕರೆ ಹೂವಿನ ವ್ಯಾಪಾರಿಯೊಬ್ಬರದು. ಅಂದು ವರಮಹಾಲಕ್ಷ್ಮಿ ಹಬ್ಬ. ಹಿಂದಿನ ದಿನದ ದುಡ್ಡು ಖಾತೆಗೆ ಬಂದರೆ ಮಾತ್ರ ಅವರು ಮಾರ್ಕೆಟ್ಟಿನಲ್ಲಿ ಸೇವಂತಿಗೆ ಕೊಳ್ಳಬಹುದಿತ್ತು. ಬಂದಿರಲಿಲ್ಲ. ನಾನು ಆ ಕರೆಯ ಧ್ವನಿಮುದ್ರಣ ಕೇಳಿದೆ. ಆಕೆ ಕೂಗಾಡಲಿಲ್ಲ. "ಯಾವಾಗ ಬರ್ತದೆ ಅಂತ ಹೇಳಿದ್ರೆ ಸಾಕು ಸಾರ್, ಮಾರ್ಕೆಟ್ಟಲ್ಲಿ ನಿಂತಿದೀನಿ" ಎಂದರು. ಬ್ಯಾಂಕಿನ ದಾಖಲೆಗಳಿಂದ ಲೆಕ್ಕವನ್ನು ಮತ್ತೆ ಕಟ್ಟಿ ಎಲ್ಲರ ಹಣ ತಲುಪಿಸುವಾಗ ಮಧ್ಯಾಹ್ನ ಮೂರಾಗಿತ್ತು. ಹಣ ಯಾರದೂ ಹೋಗಲಿಲ್ಲ. ಆದರೆ ಹಬ್ಬದ ಹೂವಿನ ವ್ಯಾಪಾರ ಮಧ್ಯಾಹ್ನ ಮೂರಕ್ಕೆ ಶುರುವಾಗುವುದಿಲ್ಲ.

ಆ ಸಾಲು ಲಾಗಿನಲ್ಲಿತ್ತು. ರಾತ್ರಿಯಿಡೀ ಇತ್ತು. ಪ್ರೋಗ್ರಾಂ ನಮಗೆ ಹೇಳಿತ್ತು, ನಾವೇ ಅದರ ದನಿಯನ್ನು ಮೊದಲೇ ಖರ್ಚು ಮಾಡಿ ಮುಗಿಸಿದ್ದೆವು.

ಅದಾದ ಮೇಲೆ ಮೂರು ತಿಂಗಳು ನಾಲ್ಕು ಜನ ಕೂತು ಆ ಪ್ರೋಗ್ರಾಮಿನ ಒಂದೊಂದು ಲಾಗ್ ಸಾಲನ್ನೂ ತೆಗೆದು ನೋಡಿದೆವು. ಕೇಳಿಕೊಂಡ ಪ್ರಶ್ನೆ ಒಂದೇ: ಇದನ್ನು ಓದಿದವರು ಈಗ ಏನು ಮಾಡಬೇಕು? ಮನುಷ್ಯರೊಬ್ಬರು ಎದ್ದು ಏನಾದರೂ ಮಾಡದಿದ್ದರೆ ಸರಿಹೋಗದು ಎಂದಾದರೆ ಎರರ್. ಸದ್ಯಕ್ಕೆ ಕೆಲಸ ನಡೆದಿದೆ, ಆದರೆ ನಾಳೆ ಹಗಲು ಯಾರಾದರೂ ನೋಡಲೇಬೇಕು ಎಂದಾದರೆ ವಾರ್ನಿಂಗ್. ನಡೆಯಬೇಕಾದ್ದು ನಡೆಯಿತು ಎಂದಾದರೆ ಇನ್ಫೋ. ಬರೆಯುವಾಗ ನನಗೆ ಎಷ್ಟು ಭಯವಾಯಿತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಮಳೆಗಾಲದಲ್ಲಿ ಹವಾಮಾನ ಇಲಾಖೆ ಕೊಡುವ ಬಣ್ಣಗಳೂ ಹೀಗೇ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಅತ್ಯಂತ ಭಾರಿ ಮಳೆ ಎಂಬ ಲೆಕ್ಕ ಇಲಾಖೆಗೆ ಗೊತ್ತು. ಅಮ್ಮನಿಗೆ ಬೇಕಾದ್ದು ಆ ಅಂಕಿಯಲ್ಲ. ಹಳದಿಯಾದರೆ ಹೊಳವು ನೋಡಿಕೊಂಡು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಬಹುದು. ಕಿತ್ತಳೆಯಾದರೆ ಅಡಿಕೆ ಮರ ಹತ್ತುವ ಕೊನೆಗೌಡನಿಗೆ ನಾಳೆ ಬರಬೇಡ ಎಂದು ಹೇಳಿ ಕಳಿಸಬೇಕು. ಕೆಂಪಾದರೆ ಯಾರೂ ತೋಟಕ್ಕೆ ಇಳಿಯಬಾರದು.

ನಮ್ಮ ನಾಲ್ವರಲ್ಲಿ ರಾಯಚೂರಿನ ಒಬ್ಬ ಹುಡುಗನಿದ್ದ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅವನು ತಾನು ಬರೆದ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಂಡಿನ ಬಗ್ಗೆ ಕೇಳಿದ: "ಮೇಡಂ, ಫೈಲ್ ತೆಗಿ ಅಂತ ನನ್ನ ಫಂಕ್ಷನ್‌ಗೆ ಹೇಳ್ಯಾರ. ಫೈಲೇ ಇಲ್ಲ. ನನ್ನ ಫಂಕ್ಷನ್ ಮಟ್ಟಿಗೆ ಅದು ಎರರ್ ಅಲ್ಲೇನ್ರಿ?" ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಈ ವಿಷಯದಲ್ಲಿ ನನಗೆ ಯಾರೂ ಕೇಳಿಲ್ಲ. ಕೇಳಿದವರು ಸದ್ಯಕ್ಕೆಂದು ಎತ್ತಿಟ್ಟ ನಕಲನ್ನು ಹುಡುಕುತ್ತಿದ್ದರೆ, ಫೈಲ್ ಇಲ್ಲದಿರುವುದು ಸಹಜ, ಹೊಸದು ಮಾಡಿಕೊಳ್ಳುತ್ತಾರೆ. ಕೇಳಿದವರು ಬೀಗದ ಕೀಲಿ ಹುಡುಕುತ್ತಿದ್ದರೆ, ಇಡೀ ಅಂಗಡಿ ಬಾಗಿಲು ತೆರೆಯುವುದಿಲ್ಲ. ಫೈಲ್ ತೆರೆಯುವ ಫಂಕ್ಷನ್‌ಗೆ ಈ ಎರಡರಲ್ಲಿ ಯಾವುದು ಎಂದು ತಿಳಿಯುವುದು ಹೇಗೆ? ಅದರ ಧರ್ಮ ಏನಾಯಿತು ಎಂದು ಕೇಳಿದವರಿಗೆ ಪೂರ್ತಿ ತಿಳಿಸುವುದಷ್ಟೇ. ತೂಕ ಹಾಕಬೇಕಾದವರು ಮೇಲಿನವರು, ಪರಿಣಾಮ ಗೊತ್ತಿರುವವರು. ಮಗು ಎಡವಿ ಬಿದ್ದಾಗ ಅಳುವ ಮುಂಚೆ ಒಮ್ಮೆ ಅಮ್ಮನ ಮುಖ ನೋಡುತ್ತದಲ್ಲ, ನೋವು ಎಷ್ಟು ಎಂದು ತಿಳಿಯಲು. ನಮ್ಮ ಕೆಳಗಿನ ಪದರದ ಪ್ರೋಗ್ರಾಮುಗಳು ಅಮ್ಮನ ಮುಖ ನೋಡದೆ ಅಳುತ್ತಿದ್ದವು. ಮೂರು ತಿಂಗಳ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಇದೊಂದನ್ನೇ ಸರಿಮಾಡಿದೆವು.

ಲಾಗ್ ವಿಷಯ ಹಾಗಿರಲಿ, ದೊಡ್ಡ ಕಾರ್ಖಾನೆಗಳ ಎಚ್ಚರಿಕೆ ಗಂಟೆಗಳಿಗೂ ಇದೇ ರೋಗ ತಗುಲಿದ್ದನ್ನು ನಾನು ಓದಿ ತಿಳಿದದ್ದು ಆಗಲೇ. 1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್ ಕರಾವಳಿಯ ಮಿಲ್‌ಫರ್ಡ್ ಹೇವನ್‌ನಲ್ಲಿ ಒಂದು ತೈಲ ಶುದ್ಧೀಕರಣ ಘಟಕ ಸ್ಫೋಟಗೊಂಡಿತು. ಸ್ಫೋಟದ ಹಿಂದಿನ 11 ನಿಮಿಷಗಳಲ್ಲಿ ಅಲ್ಲಿನ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಂದಿದ್ದವು. ಸುಮಾರು ಎರಡೂವರೆ ಸೆಕೆಂಡಿಗೆ ಒಂದು. ನಾನು ಗಡಿಯಾರ ಹಿಡಿದು ಪ್ರಯತ್ನಿಸಿದ್ದೇನೆ. ಎರಡೂವರೆ ಸೆಕೆಂಡಿನಲ್ಲಿ ಒಂದು ಸಾಲನ್ನು ಓದಬಹುದು, ಯೋಚಿಸಲಾಗುವುದಿಲ್ಲ. ಕಾರ್ಖಾನೆಗಳಿಗೆಂದು 1999ರಲ್ಲಿ ಬಂದ ಮಾರ್ಗದರ್ಶಿಯೊಂದು ನೂರರಲ್ಲಿ ಎಂಬತ್ತು ಅಲಾರಂ ಕೆಳಗಿನ ಹಂತದಲ್ಲಿರಲಿ, ಹದಿನೈದು ನಡುವೆ, ಅತಿ ಮುಖ್ಯವಾದವು ಐದೇ ಇರಲಿ ಎನ್ನುತ್ತದೆ. ನಮ್ಮ ಗೋಡೆಯ ಮೇಲೆ ಆ ಮೂರು ಅಂಕಿಗಳನ್ನು ಬರೆದು ಅಂಟಿಸಿದ್ದೆವು.

ಅದೇ ಗೋಡೆಯ ಮೇಲೆ ಇನ್ನೊಂದು ಅಂಕಿಯೂ ಇತ್ತು: 1202. 1969ರ ಜುಲೈ 20ರಂದು ಅಪೊಲೊ 11ರ ನೌಕೆ ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅದರ ಕಂಪ್ಯೂಟರ್ ತೋರಿಸಿದ ಎಚ್ಚರಿಕೆ ಅದು. ನೌಕೆಯಲ್ಲಿದ್ದ ಆರ್ಮ್‌ಸ್ಟ್ರಾಂಗ್ ಭೂಮಿಯಲ್ಲಿದ್ದವರನ್ನು ಅದರ ಅರ್ಥ ಕೇಳಿದರು. ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದಲ್ಲಿ ಸ್ಟೀವ್ ಬೇಲ್ಸ್ ತೀರ್ಮಾನ ಹೇಳಬೇಕಿತ್ತು, ಹಿಂದಿನ ಕೋಣೆಯಲ್ಲಿ ಅವರಿಗೆ ಬೆಂಬಲವಾಗಿ 24ರ ಹುಡುಗ ಜ್ಯಾಕ್ ಗಾರ್ಮನ್ ಇದ್ದರು. ಗಾರ್ಮನ್ ಮುಂದೆ ಕೈಯಲ್ಲಿ ಬರೆದ ಒಂದು ಪಟ್ಟಿ ಇತ್ತು: ಯಾವ ಅಲಾರಂ ಬಂದರೆ ಹಿಂದಿರುಗಬೇಕು, ಯಾವುದು ಬಂದರೆ ಮುಂದುವರಿಯಬಹುದು. ಆ ಪಟ್ಟಿ ಹುಟ್ಟಿದ್ದು ಕೆಲವೇ ವಾರಗಳ ಹಿಂದಿನ ಒಂದು ಅಣಕು ಅಭ್ಯಾಸದಿಂದ. ಅಂಥದೇ ಅಲಾರಂ ಬಂದು, ಇಳಿಯಬಹುದಾಗಿದ್ದಾಗಲೂ ಬೇಡವೆಂದು ಹಿಂದಿರುಗಿದ್ದರು. ಅದಕ್ಕೇ ಎಲ್ಲ ಅಲಾರಂಗಳನ್ನೂ ಒಂದೊಂದಾಗಿ ಕೂತು ತೂಗಿ ಬರೆದಿಡಲು ಹೇಳಲಾಗಿತ್ತು. 1202 ಎಂದರೆ ಕಂಪ್ಯೂಟರಿಗೆ ಕೈತುಂಬ ಕೆಲಸವಾಗಿದೆ, ಕಡಿಮೆ ಮುಖ್ಯದ್ದನ್ನು ಬಿಟ್ಟು ಮುಖ್ಯವಾದದ್ದನ್ನು ಮಾಡುತ್ತಿದೆ ಎಂದರ್ಥ. ಪದೇ ಪದೇ ಬಿಡದೆ ಬಾರದಿದ್ದರೆ ಮುಂದುವರಿಯಬಹುದು. ಕೆಲವೇ ಸೆಕೆಂಡುಗಳಲ್ಲಿ ಉತ್ತರ ಹೋಯಿತು. ನೌಕೆ ಇಳಿಯಿತು.

ಆ ಪಟ್ಟಿಯ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ನೆಲದ ಮೇಲೆ, ಸಮಾಧಾನದ ಹೊತ್ತಿನಲ್ಲಿ, ಒಬ್ಬರು ಕೂತು ಯೋಚಿಸಿ ತೂಕ ಬರೆದಿಟ್ಟರು. ಎದೆ ಡವಡವ ಎನ್ನುವ ಹೊತ್ತಿನಲ್ಲಿ ಅದನ್ನು ಓದಿದವರಿಗೆ ಆ ಸಮಾಧಾನದಲ್ಲಿ ಒಂದು ಪಾಲು ಸಿಕ್ಕಿತು. ಲಾಗ್ ಸಾಲೂ ಹಾಗೆ ತಲುಪಬೇಕಾದ ವಸ್ತು. ನಾನು ಅದನ್ನು ಬರೆಯುವುದು ಮಧ್ಯಾಹ್ನ, ಊಟ ಮಾಡಿ, ಕಿಟಕಿಯ ಪಕ್ಕ ಕೂತು. ಓದುವವರು ರಾತ್ರಿ ಮೂರಕ್ಕೆ, ಮಗು ಎಚ್ಚರವಾಗದಂತೆ ಅಡುಗೆಮನೆಯ ದೀಪ ಹಾಕಿಕೊಂಡು, ಅರ್ಧ ಕಣ್ಣು ಮುಚ್ಚಿಕೊಂಡು. ನನ್ನ ಹೆಸರೂ ಅವರಿಗೆ ತಿಳಿದಿರುವುದಿಲ್ಲ.

ಡೀಬಗ್ ಬಗ್ಗೆ ಎರಡು ಮಾತು. ತಪ್ಪು ಹುಡುಕುವಾಗ ಅದಕ್ಕಿಂತ ಆಪ್ತರಿಲ್ಲ, ಕೆಲಸ ಮುಗಿದ ಮೇಲೆ ಆರಿಸದಿದ್ದರೆ ಡಿಸ್ಕ್ ತುಂಬಿಸಿ ಯಂತ್ರವನ್ನೇ ನಿಲ್ಲಿಸುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಲಾಗಿನಲ್ಲಿ ಬರೆಯಬಾರದ್ದನ್ನು ಬರೆಯುವುದು. 2018ರ ಮೇ ತಿಂಗಳಲ್ಲಿ ಟ್ವಿಟರ್, ತನ್ನ ಒಳಗಿನ ಲಾಗ್ ಒಂದರಲ್ಲಿ ಪಾಸ್‌ವರ್ಡ್‌ಗಳು ಮರೆಮಾಚದೆ ದಾಖಲಾಗುತ್ತಿದ್ದವು ಎಂದು ತಾನೇ ಹೇಳಿ, 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಿಕೊಳ್ಳಲು ಸಲಹೆ ಮಾಡಿತು. ಯಾವ ಹಂತವನ್ನು ಹಾಕಿದರೂ ಅಂಥ ಸಾಲು ಸರಿಯಾಗುವುದಿಲ್ಲ.

ಇನ್ನು ಮೌನ. ಗಂಭೀರತೆಯ ಹಂತಗಳ ಪಟ್ಟಿಯಲ್ಲಿ ಅದಕ್ಕೆ ಅಂಕಿ ಇಲ್ಲ, ಆದರೆ ನನಗೆ ಅತಿ ಭಯ ಅದರದೇ. 2003ರ ಆಗಸ್ಟ್ 14ರ ಮಧ್ಯಾಹ್ನ ಅಮೆರಿಕದ ಒಹಾಯೊ ರಾಜ್ಯದ ಒಂದು ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಅಲಾರಂ ಕೊಡುವ ಪ್ರೋಗ್ರಾಮೇ 2 ಗಂಟೆ 14 ನಿಮಿಷದ ನಂತರ ನಿಂತುಹೋಯಿತು. ಒಂದೇ ಮಾಹಿತಿಯನ್ನು ಎರಡು ಕೆಲಸಗಳು ಒಂದೇ ಕ್ಷಣ ಬದಲಿಸಲು ಹೋಗಿ ಅದು ಸುತ್ತಿದಲ್ಲೇ ಸುತ್ತುತ್ತ ಉಳಿಯಿತು. ನಿಂತೆ ಎಂದು ಹೇಳಲೂ ಅದಕ್ಕೆ ಬಾಯಿರಲಿಲ್ಲ. ತಂತಿಗಳು ಮರಗಳಿಗೆ ತಾಗಿ ಒಂದೊಂದಾಗಿ ಕಡಿತಗೊಳ್ಳುತ್ತಿದ್ದವು, ಕೊಠಡಿಯಲ್ಲಿದ್ದವರಿಗೆ ಎಲ್ಲವೂ ಸರಿಯಿದೆ ಎಂದೇ ಕಾಣುತ್ತಿತ್ತು. ಸಂಜೆ ನಾಲ್ಕೂ ಕಾಲರ ಹೊತ್ತಿಗೆ ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು ಐದು ಕೋಟಿ ಜನ ಕತ್ತಲೆಯಲ್ಲಿದ್ದರು.

ಅದಕ್ಕೇ ಇನ್ಫೋ ಸಾಲುಗಳನ್ನು ಕಸವೆಂದು ಗುಡಿಸಿ ಹಾಕುವವರೊಂದಿಗೆ ನಾನು ಜಗಳವಾಡುತ್ತೇನೆ. "ಹತ್ತು ನಿಮಿಷದ ಲೆಕ್ಕ ಮುಗಿಯಿತು, ಎಲ್ಲ ಸರಿಯಿದೆ" ಎಂಬ ಸಾಲನ್ನು ಯಾರೂ ಓದುವುದಿಲ್ಲ, ನಿಜ. ಅದು ಬಾರದೇ ಹೋದಾಗ ಗೊತ್ತಾಗಬೇಕು, ಅದಕ್ಕಾಗಿ ಅದು ಇರಬೇಕು. ಉಭಯಕುಶಲೋಪರಿಯ ಕಾರ್ಡು ತಿಂಗಳಿಗೊಂದು ಬರುತ್ತಿದ್ದದ್ದು ನಿಂತರೆ ಅಜ್ಜ ಮರುದಿನವೇ ಯಾರನ್ನಾದರೂ ಆ ಊರಿಗೆ ಕಳಿಸುತ್ತಿದ್ದರು. ಅಮ್ಮ ಭಾನುವಾರ ಬೆಳಗ್ಗೆ ಎಂಟರೊಳಗೆ ಫೋನ್ ಮಾಡುತ್ತಾರೆ. ಹೋದ ಜುಲೈಯಲ್ಲಿ ಒಂದು ಭಾನುವಾರ ಎಂಟಾಯಿತು, ಒಂಬತ್ತಾಯಿತು. ನಾನು ಮಾಡಿದರೆ ಹೋಗುವುದಿಲ್ಲ. ಹತ್ತಕ್ಕೆ ಪಕ್ಕದೂರಿನ ದೊಡ್ಡಪ್ಪನ ಮಗನಿಗೆ ಫೋನ್ ಹೋಯಿತು, ಅವನು ಬೈಕ್ ಹತ್ತಿ ಹೋಗಿ ಬಂದು ಹೇಳಿದ: "ಕರೆಂಟ್ ಹೋಗಿ ಮೂರು ದಿನ ಆತು, ಟವರ್ರೂ ಬಂದ್. ಚಿಕ್ಕಮ್ಮ ಬಚ್ಚಲೊಲೆಗೆ ಬೆಂಕಿ ಹಾಕ್ತಾ ಕೂತಿದಾರೆ. ನಿಂಗೆ ಗಾಬರಿ ಆಗ್ಬೇಡ ಅಂತ ಹೇಳು ಅಂದ್ರು."

ರಾಯಚೂರಿನ ಹುಡುಗ ಈಗ ಬೇರೆ ತಂಡವೊಂದರ ಮುಖ್ಯಸ್ಥ. ಅವನು ಬಿಟ್ಟುಹೋದ ಪ್ರೋಗ್ರಾಮುಗಳನ್ನು ನಾವು ಇನ್ನೂ ಓಡಿಸುತ್ತಿದ್ದೇವೆ. ಕಳೆದ ವಾರ ರಾತ್ರಿ ಪಾಳಿ ನನ್ನದಿತ್ತು. ಬೆಳಗ್ಗೆ ಒಂಬತ್ತಕ್ಕೆ ಕಾಫಿ ಹಿಡಿದು ಲಾಗ್ ನೋಡುತ್ತ ಕೂತಾಗ ಅವನ ಕೈಯ ಒಂದು ವಾರ್ನಿಂಗ್ ಸಾಲು ಸಿಕ್ಕಿತು. ಬ್ಯಾಂಕಿನ ಸರ್ವರ್ ಐದು ಸಲ ಕರೆದರೂ ಓಗೊಟ್ಟಿಲ್ಲ, ಲೆಕ್ಕದ ಪಟ್ಟಿ ಎರಡು ಕಡೆ ಡಿಸ್ಕಿನಲ್ಲಿ ಭದ್ರವಾಗಿದೆ, ಐದೂವರೆಗೆ ಮತ್ತೆ ಕೇಳುತ್ತೇನೆ, ಆಗಲೂ ಆಗದಿದ್ದರೆ ಮಾತ್ರ ಎಬ್ಬಿಸುತ್ತೇನೆ ಎಂದು ಅದರಲ್ಲಿತ್ತು. ಅದರ ಕೆಳಗೆ, 5 ಗಂಟೆ 30 ನಿಮಿಷಕ್ಕೆ, ಒಂದು ಇನ್ಫೋ: ಎಲ್ಲ ಅಂಗಡಿಗಳ ಹಣ ತಲುಪಿದೆ. ವಾರ್ನಿಂಗ್ ಬಂದ ಹೊತ್ತು ನೋಡಿದೆ. ರಾತ್ರಿ 2 ಗಂಟೆ 51 ನಿಮಿಷ. ಆಗ ನಾನು ನಿದ್ದೆಯಲ್ಲಿದ್ದೆ.